ಬೆರಗು ಎಲ್ಲಿಂದ ಬರುತ್ತದೆ? ನಿಸರ್ಗ, ಕವಿತೆ ಮತ್ತು ಸ್ವಲ್ಪ ಹೊತ್ತು ಮರೆತುಹೋಗುವ ‘ನಾನು’

ಇತ್ತೀಚೆಗೆ ಎಲ್ಲರ ಬಾಯಲ್ಲೂ ಒಂದೇ ಸಲಹೆ. ನಿದ್ದೆ ಬರುತ್ತಿಲ್ಲವಾ? ಮರಗಳ ನಡುವೆ ಓಡಾಡಿ. ತಲೆ ಭಾರವಾಗಿದೆಯಾ? ಫೋನ್ ಬದಿಗಿಟ್ಟು ಆಕಾಶ ನೋಡಿ. ಇದಕ್ಕೆ ‘ಫಾರೆಸ್ಟ್ ಬಾತಿಂಗ್’ ಅಂತ ಹೆಸರೂ ಇದೆ. ಕಾಡಿನ ಸ್ನಾನ ಅಂತ ಅರ್ಥ. ಮೂಲ ಜಪಾನೀ ಪದ ‘ಶಿನ್ರಿನ್ ಯೋಕು’. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ಇದನ್ನು ಬಳಕೆಗೆ ತಂದಿತು. ಇನ್ನೊಂದು ಕಡೆ, ಕವಿತೆಯ ಪುಸ್ತಕ ಕೊಳ್ಳದವರೂ ಸೂರ್ಯಾಸ್ತದ ಫೋಟೊ ಕೆಳಗೆ ಎರಡು ಸಾಲು ಕವಿತೆ ಹಾಕುತ್ತಿದ್ದಾರೆ.

ನನ್ನ ಗೆಳೆಯನೊಬ್ಬ ಈ ಸಲಹೆ ನಂಬಿ ಒಂದು ಸಂಜೆ ಮರದ ಕೆಳಗೆ ಅರ್ಧ ಗಂಟೆ ಕೂತು ಬಂದ. ಸೊಳ್ಳೆ ಕಚ್ಚಿದ್ದೇ ಬಂತು, ಏನೂ ಆಗಲಿಲ್ಲ ಅಂದ. ಏನಾಗಬೇಕಿತ್ತು ಅಂತ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಅಲ್ಲೇ ಇರುವುದು ತೊಡಕು. ನಿಸರ್ಗ ನೋಡಿ, ಕವಿತೆ ಓದಿ, ಮನಸ್ಸಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುವವರು ಕಡಿಮೆ.

ಚೆಲುವು ಬೇರೆ, ಬೆರಗು ಬೇರೆ

ಮೊದಲು ಮಾತುಗಳನ್ನು ಬಿಡಿಸಿಕೊಳ್ಳೋಣ. ಒಂದು ಹೂವು ಕಂಡಿತು, ಚೆನ್ನಾಗಿದೆ ಅನಿಸಿತು. ಇದು ಚೆಲುವು. ಕಣ್ಣಿಗೆ ಹಿತ, ಮನಸ್ಸಿಗೆ ಹಿಡಿಸುವಷ್ಟೇ ಗಾತ್ರ. ಇನ್ನೊಂದು ಅನುಭವ ಇದೆ. ರಾತ್ರಿ ವಿದ್ಯುತ್ ಹೋದಾಗ ತಲೆಯೆತ್ತಿ ನೋಡಿದರೆ ಆಕಾಶದ ತುಂಬಾ ನಕ್ಷತ್ರ. ಬಾಯಿಂದ ಮಾತು ಹೊರಡುವುದಿಲ್ಲ. ಇದು ಬೆರಗು. ‘ಬೆಕ್ಕಸ ಬೆರಗಾದೆ’ ಅನ್ನುತ್ತೇವಲ್ಲ, ಆ ಬೆರಗು. ಇದರಲ್ಲಿ ಹಿತದ ಜೊತೆ ಸಣ್ಣ ಅಳುಕೂ ಬೆರೆತಿರುತ್ತದೆ.

ಮೂರನೆಯ ಮಾತು ಅಧ್ಯಾತ್ಮ. ಇದನ್ನು ಕೇಳಿದ ಕೂಡಲೇ ಕೆಲವರು ಕೈಮುಗಿಯುತ್ತಾರೆ, ಕೆಲವರು ಎದ್ದು ಹೋಗುತ್ತಾರೆ. ಪದದ ಅರ್ಥ ಅಷ್ಟೇನೂ ಭಾರದ್ದಲ್ಲ. ‘ಅಧಿ’ ಮತ್ತು ‘ಆತ್ಮ’ ಸೇರಿ ಆದದ್ದು. ತನ್ನ ಒಳಗಿನದಕ್ಕೆ ಸಂಬಂಧಪಟ್ಟದ್ದು ಅಂತ ಅರ್ಥ. ಈ ಲೇಖನದಲ್ಲಿ ಅದನ್ನು ಇನ್ನೂ ಸರಳವಾಗಿ ಇಟ್ಟುಕೊಳ್ಳುತ್ತೇನೆ: ‘ನಾನು’ ಅನ್ನುವ ಭಾರ ಸ್ವಲ್ಪ ಹೊತ್ತು ಇಳಿಯುವುದು, ನನಗಿಂತ ದೊಡ್ಡದೊಂದರ ಭಾಗ ನಾನು ಅನಿಸುವುದು. ಆ ದೊಡ್ಡದನ್ನು ಭಕ್ತರು ದೇವರು ಅನ್ನಬಹುದು. ದೇವರನ್ನು ನಂಬದವರು ಜಗತ್ತು ಅನ್ನಬಹುದು. ಅನುಭವದ ಮಟ್ಟದಲ್ಲಿ ಇಬ್ಬರೂ ಹೇಳುವುದರಲ್ಲಿ ಹೋಲಿಕೆ ಜಾಸ್ತಿ.

ಇಂಥ ಅನುಭವಗಳನ್ನು ಕೂಡಿಹಾಕಿ ನೋಡಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಮುಖ್ಯರು. 1902ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ನಾಲ್ಕು ಗುರುತು ಹೇಳಿದರು. ಅನುಭವವನ್ನು ಮಾತಿನಲ್ಲಿ ಹೇಳಲಾಗದು. ಏನೋ ಹೊಸದು ತಿಳಿದಂತೆ ಅನಿಸುತ್ತದೆ. ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದು ಬರುವಾಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಮೊದಲನೆಯ ಗುರುತನ್ನು ನೆನಪಿಟ್ಟುಕೊಳ್ಳಿ. ಮಾತಿಗೆ ಸಿಗುವುದಿಲ್ಲ ಅನ್ನುವುದಾದರೆ, ಮಾತಿನಿಂದಲೇ ಕಟ್ಟುವ ಕವಿತೆಗೆ ಇಲ್ಲೇನು ಕೆಲಸ? ಅಲ್ಲಿಗೆ ಬರುತ್ತೇನೆ.

ದಣಿಯುವ ಗಮನ, ದಣಿಯದ ಗಮನ

ನೀರು ತುಂಬಿದ ಬಕೆಟ್ಟನ್ನು ಕೈ ಚಾಚಿ ಹಿಡಿದುಕೊಂಡು ನಿಲ್ಲಿ. ಎರಡು ನಿಮಿಷಕ್ಕೆ ಕೈ ನಡುಗುತ್ತದೆ. ಲೆಕ್ಕ ಬರೆಯುವಾಗ, ಗಾಡಿ ಓಡಿಸುವಾಗ, ಮೀಟಿಂಗಿನಲ್ಲಿ ಆಕಳಿಕೆ ತಡೆಯುವಾಗ ಮನಸ್ಸು ಮಾಡುವುದೂ ಇದೇ. ಒಂದರ ಮೇಲೆ ಗಮನ ಇಡಬೇಕು, ಉಳಿದ ನೂರನ್ನು ದೂರ ತಳ್ಳಬೇಕು. ಈ ತಳ್ಳಾಟವೇ ದಣಿವು ತರುತ್ತದೆ.

ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ಎಂಬ ಮನೋವಿಜ್ಞಾನಿ ದಂಪತಿ 1989ರ ಪುಸ್ತಕವೊಂದರಲ್ಲಿ ಇನ್ನೊಂದು ಬಗೆಯ ಗಮನದ ಬಗ್ಗೆ ವಿವರವಾಗಿ ಬರೆದರು. ಮೋಡ ಸರಿಯುವುದು, ಎಲೆ ಅಲುಗುವುದು, ನೀರು ಹರಿಯುವುದು. ಇವು ನಮ್ಮನ್ನು ಸೆಳೆಯುತ್ತವೆ, ಆದರೆ ಜಗ್ಗುವುದಿಲ್ಲ. ನೋಡುತ್ತಲೇ ಬೇರೆ ಏನನ್ನೋ ಯೋಚಿಸಬಹುದು. ಬಕೆಟ್ ಕೆಳಗಿಟ್ಟ ಹಾಗೆ. ಫೋನ್ ಪರದೆ ಕೂಡ ಸೆಳೆಯುತ್ತದೆಯಲ್ಲ ಅಂತ ಕೇಳಬಹುದು. ಅದು ಸೆಳೆಯುವುದಿಲ್ಲ, ಕೊರಳಪಟ್ಟಿ ಹಿಡಿದು ಎಳೆಯುತ್ತದೆ.

ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಹೆಸರಾದದ್ದು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ರೋಗಿಗಳ ದಾಖಲೆಗಳನ್ನು ಅವರು ನೋಡಿದರು. ಅರ್ಧ ಜನರ ಕಿಟಕಿಯಾಚೆ ಮರಗಳಿದ್ದವು. ಉಳಿದರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸುಮಾರು ಮುಕ್ಕಾಲು ದಿನ ಬೇಗ ಮನೆಗೆ ಹೋದರು, ಜೋರಾದ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು. 46 ಅಂದರೆ ಸಣ್ಣ ಸಂಖ್ಯೆ. ಮರವೇ ಮದ್ದು ಅಂತ ಇದರಿಂದ ಸಾರಲಾಗದು. ಆದರೂ ಕಿಟಕಿ ಬರೀ ಕಿಟಕಿ ಅಲ್ಲ ಅನ್ನುವ ಯೋಚನೆ ಆಸ್ಪತ್ರೆ ಕಟ್ಟುವವರ ತಲೆಗೆ ಹೊಕ್ಕಿತು.

ಮನಸ್ಸಿನ ಪಾತ್ರೆಯಲ್ಲಿ ಹಿಡಿಸದ್ದು

ದಣಿವು ಆರುವುದು ಒಂದು ಕಥೆ. ಬೆರಗಿನದು ಬೇರೆಯೇ ಕಥೆ.

ನಮ್ಮ ಮನಸ್ಸಿನಲ್ಲಿ ಸಾಲಾಗಿ ಪಾತ್ರೆಗಳಿವೆ ಅಂದುಕೊಳ್ಳಿ. ಕಂಡದ್ದನ್ನೆಲ್ಲ ಯಾವುದಾದರೂ ಒಂದರಲ್ಲಿ ಹಾಕಿ ಮುಚ್ಚಳ ಮುಚ್ಚುತ್ತೇವೆ. ಇದು ನಾಯಿ, ಇದು ಬಸ್ಸು, ಇದು ಮಳೆ. ಕೆಲವೊಮ್ಮೆ ಯಾವ ಪಾತ್ರೆಯಲ್ಲೂ ಹಿಡಿಸದ್ದು ಎದುರಾಗುತ್ತದೆ. ಕೊನೆಯಿಲ್ಲದ ಸಮುದ್ರ, ಇಡೀ ಕಣಿವೆಯನ್ನು ಬೆಳಗಿ ಆರುವ ಮಿಂಚು. ಆಗ ಪಾತ್ರೆಯನ್ನೇ ದೊಡ್ಡದು ಮಾಡಿಕೊಳ್ಳಬೇಕು. ಡ್ಯಾಕರ್ ಕೆಲ್ಟ್ನರ್ ಮತ್ತು ಜೊನಾಥನ್ ಹೈಟ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಬೆರಗಿಗೆ ಎರಡು ಲಕ್ಷಣ ಕೊಟ್ಟರು. ಎದುರಿಗಿರುವುದು ದೊಡ್ಡದು ಅನಿಸಬೇಕು. ಅದನ್ನು ಒಳಗೆ ತೆಗೆದುಕೊಳ್ಳಲು ಮನಸ್ಸು ತನ್ನನ್ನೇ ಬದಲಿಸಿಕೊಳ್ಳುವ ಹಾಗಾಗಬೇಕು. ದೊಡ್ಡದು ಅಂದರೆ ಗಾತ್ರವೇ ಆಗಬೇಕಿಲ್ಲ. ಅಂಗೈಯಲ್ಲಿ ಕೂತ ಬೀಜದೊಳಗೆ ಒಂದು ಮರ ಇದೆ ಅನ್ನುವುದೂ ದೊಡ್ಡದೇ.

ಅಳುಕು ಯಾಕೆ ಬೆರೆತಿರುತ್ತದೆ? ಐರ್ಲೆಂಡಿನ ಚಿಂತಕ ಎಡ್ಮಂಡ್ ಬರ್ಕ್ 1757ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ಭಯ ಹುಟ್ಟಿಸುವಂಥದ್ದು ಸುರಕ್ಷಿತ ದೂರದಲ್ಲಿದ್ದಾಗ ಅದೇ ಒಂದು ಬಗೆಯ ಆನಂದ ಕೊಡುತ್ತದೆ ಎಂದರು. ಬಿರುಗಾಳಿಯನ್ನು ಕಿಟಕಿಯಿಂದ ನೋಡುವುದು ಬೇರೆ, ಅದರೊಳಗೆ ಸಿಕ್ಕಿಕೊಳ್ಳುವುದು ಬೇರೆ, ಅಲ್ವಾ? ಈ ಅನುಭವಕ್ಕೆ ಕನ್ನಡದಲ್ಲಿ ‘ಭವ್ಯ’ ಅನ್ನುವ ಮಾತನ್ನು ಬಳಸುತ್ತೇವೆ. ನೆರೆಯಲ್ಲಿ ಮನೆ ಕಳೆದುಕೊಂಡವರ ಮುಂದೆ ಮಾತ್ರ ಅದನ್ನು ಆಡಬಾರದು.

ಬೆರಗು ಆದ ಮೇಲೆ ಏನಾಗುತ್ತದೆ? 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳನ್ನು ಎತ್ತರದ ನೀಲಗಿರಿ ಮರಗಳ ಕೆಳಗೆ ನಿಲ್ಲಿಸಿ ಒಂದು ನಿಮಿಷ ಮೇಲೆ ನೋಡಿ ಅಂದರು. ಇನ್ನು ಕೆಲವರಿಗೆ ಪಕ್ಕದ ಕಟ್ಟಡ ನೋಡಲು ಹೇಳಿದರು. ಆಮೇಲೆ ಪ್ರಯೋಗ ಮಾಡುವವರೇ ಕೈತಪ್ಪಿದ ಹಾಗೆ ಪೆನ್ನುಗಳನ್ನು ಬೀಳಿಸಿದರು. ಮರ ನೋಡಿದವರು ಹೆಚ್ಚು ಪೆನ್ನು ಆರಿಸಿಕೊಟ್ಟರು.

2020ರ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ. 52 ಹಿರಿಯರು ಎಂಟು ವಾರ, ವಾರಕ್ಕೆ ಒಂದು ಸಲವಾದರೂ 15 ನಿಮಿಷ ನಡೆದರು. ಅರ್ಧ ಜನರಿಗೆ ಸುಮ್ನೆ ನಡೆಯಿರಿ ಅಂದರು. ಉಳಿದವರಿಗೆ, ಮೊದಲ ಸಲ ನೋಡುವ ಮಗುವಿನ ಕಣ್ಣಿನಿಂದ ಸುತ್ತಲೂ ನೋಡುತ್ತಾ ನಡೆಯಿರಿ ಅಂದರು. ಎಲ್ಲರೂ ಸೆಲ್ಫಿ ತೆಗೆದುಕೊಳ್ಳಬೇಕಿತ್ತು. ವಾರಗಳು ಕಳೆದಂತೆ ಬೆರಗಿನಿಂದ ನೋಡುತ್ತಿದ್ದವರ ಸೆಲ್ಫಿಯಲ್ಲಿ ಅವರ ಆಕೃತಿ ಚಿಕ್ಕದಾಗುತ್ತಾ ಬಂತು, ಹಿಂದಿನ ನೋಟಕ್ಕೆ ಜಾಗ ಹೆಚ್ಚಾಯಿತು. ನಗು ಮಾತ್ರ ಅಗಲವಾಯಿತು. ಫೋಟೊದಲ್ಲಿ ‘ನಾನು’ ಚಿಕ್ಕದಾಗಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಇಷ್ಟೆಲ್ಲ ಇದ್ದ ಮೇಲೆ ಕವಿತೆ ಯಾಕೆ ಬೇಕು?

ನಿಮ್ಮ ಮನೆಯ ಅಥವಾ ಆಫೀಸಿನ ಮೆಟ್ಟಿಲು ಎಷ್ಟಿವೆ? ಸಾವಿರ ಸಲ ಹತ್ತಿದ್ದರೂ ಹೇಳುವುದು ಕಷ್ಟ. ಅಭ್ಯಾಸ ಆದದ್ದು ಕಣ್ಣಿಗೆ ಬೀಳುವುದಿಲ್ಲ. ಸೂರ್ಯ ದಿನಾ ಹುಟ್ಟುತ್ತಾನೆ, ಅದೇ ಅವನ ತಪ್ಪು. ರಷ್ಯಾದ ವಿಮರ್ಶಕ ವಿಕ್ಟರ್ ಶ್ಕ್ಲೊವ್‌ಸ್ಕಿ 1917ರಲ್ಲಿ ಹೇಳಿದ್ದು ಇದನ್ನೇ. ಅಭ್ಯಾಸ ಬದುಕನ್ನು ತಿಂದುಹಾಕುತ್ತದೆ. ಗೊತ್ತಿರುವುದನ್ನು ಗೊತ್ತಿಲ್ಲದ ಹಾಗೆ ತೋರಿಸಿ, ಕಲ್ಲು ಕಲ್ಲೇ ಅಂತ ಮತ್ತೆ ಮುಟ್ಟಿ ನೋಡುವ ಹಾಗೆ ಮಾಡುವುದು ಕಲೆಯ ಕೆಲಸ.

ಕುವೆಂಪು ಅವರ ಒಂದು ಪ್ರಸಿದ್ಧ ಕವಿತೆಯಲ್ಲಿ ಆಕಾಶದಲ್ಲಿ ಹಕ್ಕಿಗಳ ಸಾಲು ಹಾರಿಹೋಗುತ್ತದೆ. ಕವಿಗೆ ಅದು ದೇವರು ಹಾಕಿದ ರುಜುವಿನಂತೆ ಕಾಣುತ್ತದೆ. ‘ರುಜು’ ಅನ್ನುವುದು ಎಂಥ ಪದ ನೋಡಿ. ಅರ್ಜಿಯ ಕೊನೆಯಲ್ಲಿ, ಬ್ಯಾಂಕಿನ ಚೆಕ್ಕಿನ ಮೇಲೆ ಹಾಕುವಂಥದ್ದು. ಈ ಕಚೇರಿಯ ಮಾತು ಆಕಾಶಕ್ಕೆ ಹೋದ ಕೂಡಲೇ ಎರಡೂ ಬದಲಾಗುತ್ತವೆ. ಇಡೀ ನೋಟ ಯಾರೋ ಬರೆದು ಮುಗಿಸಿದ ಕಾಗದವಾಗುತ್ತದೆ, ಹಕ್ಕಿ ಸಾಲು ಅದರ ಕೆಳಗಿನ ಸಹಿ. ಒಮ್ಮೆ ಓದಿದವರು ಮುಂದೆ ಹಕ್ಕಿ ಸಾಲನ್ನು ಬರೀ ಹಕ್ಕಿ ಸಾಲಾಗಿ ನೋಡುವುದು ಕಷ್ಟ.

ಈಗ ಹಿಂದೆ ಬಿಟ್ಟ ಪ್ರಶ್ನೆ. ಮಾತಿಗೆ ಸಿಗದ್ದನ್ನು ಮಾತು ಹೇಗೆ ಹೇಳುತ್ತದೆ? ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿದ್ದ ಕಾವ್ಯಚಿಂತಕ ಆನಂದವರ್ಧನ ಕೊಟ್ಟ ಉತ್ತರಕ್ಕೆ ‘ಧ್ವನಿ’ ಅಂತ ಹೆಸರು. ಇಲ್ಲಿ ಧ್ವನಿ ಅಂದರೆ ಸದ್ದು ಅಲ್ಲ. ಗಂಟೆ ಬಾರಿಸಿದ ಮೇಲೆ ಉಳಿಯುವ ಗುಂಯ್‌ಗುಡುವಿಕೆ ಇದೆಯಲ್ಲ, ಅದರ ಹಾಗೆ ಮಾತು ಮುಗಿದ ಮೇಲೂ ಉಳಿದು ಸೂಚಿಸುವ ಅರ್ಥ.

ಇದಕ್ಕೆ ಸಂಸ್ಕೃತ ಶಾಸ್ತ್ರಕಾರರು ಕೊಡುವ ಹಳೆಯ ಉದಾಹರಣೆ ‘ಗಂಗೆಯಲ್ಲಿ ಹಳ್ಳಿ’. ನದಿಯ ನೀರಿನ ಮೇಲೆ ಹಳ್ಳಿ ಇರಲಾಗದು. ಆದ್ದರಿಂದ ದಡದಲ್ಲಿದೆ ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಹಾಗಾದರೆ ‘ಗಂಗೆಯ ದಡದಲ್ಲಿ’ ಅಂತಲೇ ಹೇಳಬಹುದಿತ್ತಲ್ಲ? ಹೇಳಿದ್ದರೆ ವಿಳಾಸ ಸಿಗುತ್ತಿತ್ತು, ಅಷ್ಟೇ. ‘ಗಂಗೆಯಲ್ಲಿ’ ಅಂದಾಗ ಆ ಹಳ್ಳಿಗೆ ನದಿಯ ತಂಪು ತಗಲುತ್ತದೆ, ನದಿಯ ಪಾವಿತ್ರ್ಯ ತಗಲುತ್ತದೆ. ತಂಪು ಅನ್ನುವ ಪದ ಎಲ್ಲೂ ಇಲ್ಲ.

ನಮ್ಮ ಗಾದೆಗಳಲ್ಲೂ ಇದು ನಡೆಯುತ್ತದೆ. ‘ಮಳೆ ನಿಂತರೂ ಮರದ ಹನಿ ನಿಲ್ಲದು.’ ಇದರಲ್ಲಿ ದುಃಖ ಅನ್ನುವ ಮಾತಿಲ್ಲ, ನೆನಪು ಅನ್ನುವ ಮಾತಿಲ್ಲ. ಮಳೆ, ಮರ, ಹನಿ ಅಷ್ಟೇ. ಆದರೂ ಹತ್ತಿರದವರನ್ನು ಕಳೆದುಕೊಂಡು ವರ್ಷವಾದವರ ಮುಂದೆ ಇದನ್ನು ಹೇಳಿ ನೋಡಿ. ಯಾರೂ ವಿವರಣೆ ಕೇಳುವುದಿಲ್ಲ. ಮಾತು ಅನುಭವವನ್ನು ಹೊತ್ತು ತಂದು ಕೊಡುವುದಿಲ್ಲ. ಅದಿರುವ ದಿಕ್ಕಿಗೆ ಬೆರಳು ತೋರಿಸಿ ನಿಲ್ಲುತ್ತದೆ. ಉಳಿದ ದಾರಿ ಓದುವವರು ನಡೆಯಬೇಕು.

ಒಂದು ಕೊಳ, ಒಂದು ಕಪ್ಪೆ

ಈ ಬೆರಳು ತೋರಿಸುವ ಕೆಲಸವನ್ನು ತೀರಾ ಚಿಕ್ಕದು ಮಾಡಿದರೆ ಎಷ್ಟು ಚಿಕ್ಕದಾಗಬಹುದು? ಜಪಾನಿನ ಹೈಕು ನೋಡಿ. ಸಾಂಪ್ರದಾಯಿಕ ಹೈಕುವಿನಲ್ಲಿ 5, 7, 5 ಅಂತ ಒಟ್ಟು 17 ಉಚ್ಚಾರದ ತುಣುಕುಗಳು. ನಮ್ಮ ಛಂದಸ್ಸಿನ ಮಾತ್ರೆಗೆ ಹತ್ತಿರದ ಲೆಕ್ಕ ಅದು. ಅದರಲ್ಲಿ ಋತುವನ್ನು ಸೂಚಿಸುವ ಒಂದು ಪದ ಇರಬೇಕು, ಅದಕ್ಕೆ ‘ಕಿಗೊ’ ಅನ್ನುತ್ತಾರೆ. ಕವಿತೆಯನ್ನು ಒಂದು ಕಡೆ ತುಂಡರಿಸುವ ‘ಕಿರೆಜಿ’ ಎಂಬ ಪದವೂ ಇರಬೇಕು. ಆ ತುಂಡಾದ ಜಾಗದಲ್ಲಿ ಓದುಗರು ಒಂದು ಕ್ಷಣ ತಡೆದು ನಿಲ್ಲುತ್ತಾರೆ.

ಮತ್ಸುವೊ ಬಾಶೊ 1686ರಲ್ಲಿ ಬರೆದ ಹೈಕು ಇವುಗಳಲ್ಲಿ ಅತಿ ಪ್ರಸಿದ್ಧ. ಹಳೆಯ ಕೊಳ, ಕಪ್ಪೆ ಹಾರುತ್ತದೆ, ನೀರಿನ ಸದ್ದು. ಇಷ್ಟೇ ಅದರ ಒಡಲು. ಕಪ್ಪೆ ಅಲ್ಲಿ ವಸಂತದ ಪದ. ಅದಕ್ಕಿಂತ ಹಿಂದಿನ ಕವಿಗಳು ಕಪ್ಪೆ ಅಂದರೆ ಅದರ ಕೂಗನ್ನು ಹಾಡುತ್ತಿದ್ದರು. ಬಾಶೊ ಕೂಗನ್ನು ಬಿಟ್ಟು ನೀರಿಗೆ ಬಿದ್ದ ಸದ್ದನ್ನು ಹಿಡಿದರು. ಇದರಲ್ಲಿ ದೇವರಿಲ್ಲ, ಆತ್ಮ ಇಲ್ಲ, ಸುಂದರ ಅನ್ನುವ ಪದವೂ ಇಲ್ಲ. ಮೊದಲ ಸಲ ಓದಿದಾಗ ‘ಅದಕ್ಕೇನು?’ ಅನಿಸಿದರೆ ತಪ್ಪಿಲ್ಲ. ನನಗೂ ಹಾಗೇ ಅನಿಸಿತ್ತು. ಆ ‘ಗುಳುಂ’ ಸದ್ದು ಕೇಳಬೇಕಾದರೆ ಸುತ್ತ ಎಷ್ಟು ಮೌನ ಇದ್ದಿರಬೇಕು ಅನ್ನುವುದು ಆಮೇಲೆ ಹೊಳೆಯಿತು. ಕವಿತೆ ಮೌನದ ಬಗ್ಗೆ, ಹೇಳಿದ್ದು ಸದ್ದನ್ನು.

ಕವಿ ಹೂವಿನ ಮುಂದೆ ಕೂತೇ ಬರೆಯುತ್ತಾರಾ?

ಸಾಮಾನ್ಯವಾಗಿ ಇಲ್ಲ. ಇಂಗ್ಲೆಂಡಿನ ವರ್ಡ್ಸ್‌ವರ್ತ್ 1802ರ ಏಪ್ರಿಲ್ 15ರಂದು ತಂಗಿ ಡೊರೊಥಿ ಜೊತೆ ನಡೆದು ಬರುವಾಗ ಕೆರೆಯ ದಡದಲ್ಲಿ ಹಳದಿ ಡ್ಯಾಫೊಡಿಲ್ ಹೂಗಳ ದೊಡ್ಡ ಸಾಲು ಕಂಡರು. ಡೊರೊಥಿ ಅದನ್ನು ದಿನಚರಿಯಲ್ಲಿ ಚೆಂದವಾಗಿ ಬರೆದಿಟ್ಟರು. ಅಣ್ಣನ ಕವಿತೆ ಅಚ್ಚಾದದ್ದು 1807ರಲ್ಲಿ. ತಮಾಷೆ ಅಂದರೆ ಕವಿತೆಯಲ್ಲಿ ಅವರು ಮೋಡದ ಹಾಗೆ ಒಂಟಿಯಾಗಿ ಅಲೆಯುತ್ತಿದ್ದರು. ಜೊತೆಗಿದ್ದ ತಂಗಿ ಮಾಯ!

ಅವರನ್ನು ಸುಳ್ಳುಗಾರ ಅನ್ನುವ ಮೊದಲು ಅವರದೇ ವಿವರಣೆ ಕೇಳಬೇಕು. ಕವಿತೆ ಹುಟ್ಟುವುದು ಸಮಾಧಾನದಲ್ಲಿ ಮತ್ತೆ ನೆನೆದುಕೊಂಡ ಭಾವನೆಯಿಂದ ಅಂತ 1800ರಲ್ಲೇ ಬರೆದಿದ್ದರು. ಕಂಡ ದಿನ ಮೊಳಕೆ, ವರ್ಷಗಳ ಮೇಲೆ ಗಿಡ. ನಮಗೂ ಹಾಗೇ. ಬೆಟ್ಟದ ಮೇಲೆ ನಿಂತಾಗ ಕಾಲು ನೋವಷ್ಟೇ ಗೊತ್ತಾಗಿ, ತಿಂಗಳ ಮೇಲೆ ಯಾವುದೋ ರಾತ್ರಿ ಅಲ್ಲಿನ ಗಾಳಿ ನೆನಪಾಗುವುದುಂಟು.

ರಸ ಅಂದರೆ

ಓದುವವರ ಕಡೆಯಿಂದ ನೋಡಿದರೆ? ಕಲೆಯಲ್ಲಿ ನಾವು ಸವಿಯುವ ಭಾವಕ್ಕೆ ರಸ ಅನ್ನುತ್ತಾರೆ. ಭರತನ ನಾಟ್ಯಶಾಸ್ತ್ರ ಎಂಟು ರಸಗಳನ್ನು ಹೇಳುತ್ತದೆ. ಅದರಲ್ಲಿ ಅದ್ಭುತ ಒಂದು. ಅದರ ಬೇರು ವಿಸ್ಮಯ, ಅಂದರೆ ನಮ್ಮ ಬೆರಗು. ಒಂಬತ್ತನೆಯದಾಗಿ ಶಾಂತ ರಸ ಆಮೇಲೆ ಸೇರಿಕೊಂಡಿತು. ಸುಮಾರು ಸಾವಿರ ವರ್ಷದ ಹಿಂದೆ ಇದ್ದ ಕಾವ್ಯಚಿಂತಕ ಅಭಿನವಗುಪ್ತ ಅದರ ಪರವಾಗಿ ಗಟ್ಟಿಯಾಗಿ ವಾದಿಸಿದರು.

ಅವರ ವಿಚಾರದಲ್ಲಿ ನಮಗೆ ಬೇಕಾದದ್ದು ಒಂದು ಎಳೆ. ನನ್ನ ದುಃಖ ನನ್ನದು, ಅದು ನೋಯಿಸುತ್ತದೆ. ಕವಿತೆಯ ದುಃಖ ನನ್ನದೂ ಅಲ್ಲ, ಕವಿಯದೂ ಅಲ್ಲ, ಎಲ್ಲರದು. ಹಾಗಾಗಿ ಅದನ್ನು ಸವಿಯಬಹುದು. ಸವಿಯುವ ಆ ಹೊತ್ತು ‘ನಾನು ಇಂಥವನು, ಇಂಥವಳು’ ಅನ್ನುವ ಗಂಟು ಸಡಿಲವಾಗಿರುತ್ತದೆ. ಅದಕ್ಕೇ ನಮ್ಮ ಕಾವ್ಯಶಾಸ್ತ್ರ ರಸಾನುಭವವನ್ನು ಬ್ರಹ್ಮಾನಂದದ ಸಹೋದರ ಅಂದಿತು. ಬ್ರಹ್ಮಾನಂದವೇ ಅಂತ ಹೇಳಲಿಲ್ಲ, ಒಡಹುಟ್ಟಿದ್ದು ಅಂತಷ್ಟೇ ಹೇಳಿತು. ಕವಿತೆ ಮುಗಿದ ಮೇಲೆ ಗಂಟು ಮತ್ತೆ ಬಿಗಿಯಾಗುತ್ತದೆ. ಸೆಲ್ಫಿಯಲ್ಲಿ ಚಿಕ್ಕವರಾದ ಆ ಹಿರಿಯರನ್ನು ನೆನಪಿಸಿಕೊಳ್ಳಿ. ಅವರೂ ಕವಿತೆ ಸವಿಯುವವರೂ ಒಂದೇ ಬಾಗಿಲನ್ನು ಬೇರೆ ಬೇರೆ ಕಡೆಯಿಂದ ತಟ್ಟಿದ್ದಾರೆ ಅಂತ ನನಗನಿಸುತ್ತದೆ.

ಕಾರಣ ತಿಳಿದರೆ ಸೊಬಗು ಕಳೆಯುತ್ತದೆಯೇ?

ಈ ಆತಂಕ ಹಳೆಯದು. ಇಂಗ್ಲಿಷ್ ಕವಿ ಕೀಟ್ಸ್ 1820ರ ಕವಿತೆಯೊಂದರಲ್ಲಿ, ಜ್ಞಾನ ಕಾಮನಬಿಲ್ಲನ್ನು ಎಳೆ ಎಳೆಯಾಗಿ ಬಿಚ್ಚಿಹಾಕುತ್ತದೆ ಅಂತ ಕೊರಗಿದ್ದರು. ಪರೀಕ್ಷೆ ಮಾಡಿ ನೋಡೋಣ. ಸಂಜೆ ಸೂರ್ಯನ ಬೆಳಕು ಓರೆಯಾಗಿ ಬರುತ್ತದೆ, ಹೆಚ್ಚು ಗಾಳಿಯನ್ನು ದಾಟಬೇಕು. ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ಅಂದರೆ ನಿಮ್ಮ ಸಂಜೆಯ ಕೆಂಪಿನಿಂದ ಸೋರಿಹೋದ ನೀಲಿ, ಇನ್ನೂ ಹಗಲಿರುವ ಬೇರೆಯವರ ಆಕಾಶದಲ್ಲಿದೆ. ರಾತ್ರಿ ಆಕಾಶದಲ್ಲಿ ಎಲ್ಲಕ್ಕಿಂತ ಹೊಳೆಯುವ ನಕ್ಷತ್ರ ಲುಬ್ಧಕ. ಅದರ ಬೆಳಕು ನಮ್ಮನ್ನು ತಲುಪಲು ಸುಮಾರು ಎಂಟೂವರೆ ವರ್ಷ ಬೇಕು. ಇವತ್ತು ನಿಮ್ಮ ಕಣ್ಣಿಗೆ ಬಿದ್ದ ಬೆಳಕು ಹೊರಟಾಗ ನೀವು ಎಲ್ಲಿದ್ದಿರಿ, ಯಾರ ಜೊತೆ ಇದ್ದಿರಿ? ಕೀಟ್ಸ್ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇಲ್ಲಿ ನಾನು ಅವರ ಪಕ್ಷ ಅಲ್ಲ.

ಶುರು ಮಾಡುವುದು ಹೇಗೆ?

ದೂರದ ಬೆಟ್ಟಕ್ಕೇ ಹೋಗಬೇಕು ಅಂತೇನಿಲ್ಲ. ದಿನಾ ದಾಟಿಹೋಗುವ ಒಂದು ಮರ ಸಾಕು. ಒಂದೇ ಮರ, ಹಲವು ದಿನ. ಅದರ ಹೆಸರು ತಿಳಿದುಕೊಳ್ಳಿ. ‘ಯಾವುದೋ ಮರ’ ಅನ್ನುವುದಕ್ಕೂ ‘ಹೊಂಗೆ’ ಅನ್ನುವುದಕ್ಕೂ ಕಣ್ಣು ಬೇರೆ ಥರ ವರ್ತಿಸುತ್ತದೆ.

ಫೋಟೊ ಬೇಕಾದರೆ ಕೊನೆಗೆ ತೆಗೆಯಿರಿ. ಲಿಂಡಾ ಹೆಂಕೆಲ್ ಎಂಬ ಮನೋವಿಜ್ಞಾನಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮ್ಯೂಸಿಯಂನಲ್ಲಿ ಫೋಟೊ ತೆಗೆದ ವಸ್ತುಗಳು ಜನರಿಗೆ ಬರೀ ನೋಡಿದ ವಸ್ತುಗಳಷ್ಟು ನೆನಪಿರಲಿಲ್ಲ. ಕ್ಯಾಮೆರಾ ಇಟ್ಟುಕೊಂಡಿದೆಯಲ್ಲ ಅಂತ ಮನಸ್ಸು ಕೈಬಿಟ್ಟ ಹಾಗೆ. ಆದರೆ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರಿಗೆ ಆ ನಷ್ಟ ಆಗಿರಲಿಲ್ಲ. ಗಮನ ಎಲ್ಲಿತ್ತು ಅನ್ನುವುದೇ ವ್ಯತ್ಯಾಸ ಮಾಡಿದ್ದು.

ಕವಿತೆಯನ್ನು ಜೋರಾಗಿ ಓದಿ, ಎರಡು ಸಲ. ಮೊದಲನೆಯದು ಕಿವಿಗೆ, ಎರಡನೆಯದು ಅರ್ಥಕ್ಕೆ. ಶಾಲೆಯಲ್ಲಿ ‘ಭಾವಾರ್ಥ ಬರೆಯಿರಿ’ ಅಂತ ಕೇಳಿ ಕೇಳಿ ನಮಗೆ ಕವಿತೆ ಅಂದರೆ ಬಿಡಿಸಬೇಕಾದ ಒಗಟು ಅನ್ನುವ ಅಭ್ಯಾಸ ಬಿದ್ದಿದೆ. ಒಂದು ಸಾಲು ಹಿಡಿಸಿದರೆ ಅದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರೂ ಯಾರೂ ಅಂಕ ಕಳೆಯುವುದಿಲ್ಲ.

ಏನೂ ಅನಿಸದಿದ್ದರೆ?

ಅನಿಸದ ದಿನಗಳೇ ಜಾಸ್ತಿ. ಈ ಅನುಭವ ನಮ್ಮ ಕೈಯಲ್ಲಿಲ್ಲ ಅಂತ ಜೇಮ್ಸ್ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕರೆದ ಕೂಡಲೇ ಬರುವಂಥದ್ದಲ್ಲ. ಇನ್ನೊಂದು ಮಾತು. ತಿಂಗಳುಗಟ್ಟಲೆ ಯಾವುದರಲ್ಲೂ ರುಚಿ ಇಲ್ಲ, ಊಟ ನಿದ್ದೆ ಕೆಟ್ಟಿದೆ ಅನ್ನುವವರು ಮೊದಲು ವೈದ್ಯರನ್ನು ನೋಡಬೇಕು. ಮರ ಮತ್ತು ಕವಿತೆ ಚಿಕಿತ್ಸೆಯ ಜೊತೆಗೆ ಇರಬಹುದು, ಅದರ ಜಾಗಕ್ಕೆ ಬರಲಾರವು.

ಸೊಳ್ಳೆ ಕಚ್ಚಿಸಿಕೊಂಡು ಬಂದ ಗೆಳೆಯನನ್ನು ಮೊನ್ನೆ ಮತ್ತೆ ಕೇಳಿದೆ. ಅರ್ಧ ಗಂಟೆ ಏನನ್ನೂ ನೋಡಲೇ ಇಲ್ಲವಾ ಅಂತ.

‘ಏನಿಲ್ಲಪ್ಪ. ಒಂದು ಒಣಗಿದ ಎಲೆ ಜೇಡದ ನೂಲಿಗೆ ಸಿಕ್ಕಿಕೊಂಡಿತ್ತು. ಗಾಳಿಯೇ ಇರಲಿಲ್ಲ, ಆದರೂ ತಿರುಗ್ತಾ ಇತ್ತು. ಒಂದು ಸಲ ಈ ಕಡೆ, ಆಮೇಲೆ ಆ ಕಡೆ.’

‘ಎಷ್ಟು ಹೊತ್ತು ನೋಡಿದೆ?’

‘ಗೊತ್ತಿಲ್ಲ’ ಅಂದ.